ತೊಲೆಯಿಂದ ಉದುರುವ ಹುಡಿ

ಮೊದಲ ಸಲ ಅದನ್ನು ಕಂಡಾಗ ಸೊಸೆ ಹಿಟ್ಟು ಅಂದುಕೊಂಡಳು. ಬೆಳಗಿನ ಕಸ ಗುಡಿಸುತ್ತಾ ನಡುಮನೆಗೆ ಬಂದರೆ ಅತ್ತೆಯ ಮಂಚದ ಕಾಲಿನ ಪಕ್ಕ ಒಂದು ಚಿಟಿಕೆಯಷ್ಟು ಹಳದಿ ಹುಡಿ. ಯಾರಪ್ಪಾ ಇಲ್ಲಿ ಹಿಟ್ಟು ಚೆಲ್ಲಿದ್ದು ಎಂದು ಗೊಣಗುತ್ತಾ ಬೆರಳಿಗೆ ಹಚ್ಚಿಕೊಂಡು ಮೂಸಿದಳು. ಹಿಟ್ಟಿನ ವಾಸನೆಯಲ್ಲ; ಎಷ್ಟೋ ವರ್ಷ ಮುಚ್ಚಿಟ್ಟ ಮರದ ಪೆಟ್ಟಿಗೆ ತೆಗೆದಾಗ ಬರುವ ವಾಸನೆ. ತಲೆ ಎತ್ತಿದಳು. ಮೇಲೆ ಮನೆಯ ದೊಡ್ಡ ತೊಲೆ, ತೊಲೆಯ ಮೇಲೆ ಅಟ್ಟ, ಅಟ್ಟದ ತುಂಬ ಕತ್ತಲೆ. ಹುಡಿಯನ್ನು ಮೊರಕ್ಕೆ ಎಳೆದು ಹೊರಗೆ ಚೆಲ್ಲಿದಳು. ಬೇಸಿಗೆ ಆಗಷ್ಟೇ ಶುರುವಾಗಿತ್ತು. ಒಂದು ಚಿಟಿಕೆ ಹುಡಿಯ ಬಗ್ಗೆ ಯೋಚಿಸುತ್ತಾ ಕೂರುವಷ್ಟು ಪುರುಸೊತ್ತು ಆ ಮನೆಯಲ್ಲಿ ಅವಳಿಗೆ ಯಾವ ಕಾಲದಲ್ಲೂ ಇರಲಿಲ್ಲ.

ಮರುದಿನ ಅದೇ ಜಾಗದಲ್ಲಿ ಅಷ್ಟೇ ಹುಡಿ. ಅದರ ಮರುದಿನವೂ.

ಮನೆಗೆ ಮುಂದೆ ಜಗುಲಿ, ಜಗುಲಿಯ ಬಲಕ್ಕೆ ಗಂಡ ಹೆಂಡತಿ ಮಲಗುವ ಚಿಕ್ಕ ಕೋಣೆ. ಹೊಸಿಲು ದಾಟಿದರೆ ನಡುಮನೆ, ನಡುಮನೆಯ ಆಚೆ ಅಡುಗೆಮನೆ. ಅಡುಗೆಮನೆಗೆ ಬೇರೆ ಬಾಗಿಲಿಲ್ಲ. ನೀರಿನ ಕೊಡ, ಸೌದೆ, ತೊಳೆದ ಪಾತ್ರೆ, ದನಗಳ ಮುಸುರೆ, ಎಲ್ಲವೂ ಆ ತೊಲೆಯ ಕೆಳಗೇ ಹೋಗಬೇಕು, ಅದರ ಕೆಳಗೇ ಬರಬೇಕು. ಸೊಸೆ ಒಂದು ದಿನ ಎಣಿಸಿ ನೋಡಿದಳು: ಎದ್ದಾಗಿನಿಂದ ದೀಪ ಆರಿಸುವವರೆಗೆ ಎಪ್ಪತ್ತೆರಡು ಸಲ. ಮಾವನ ಹಾಸಿಗೆ, ಊಟ, ಚಹ, ಹರಟೆ ಎಲ್ಲ ಜಗುಲಿಯಲ್ಲೇ. ಗಂಡ ದಿನಕ್ಕೆ ನಾಲ್ಕು ಸಲ ಒಳಗೆ ಬಂದರೆ ಹೆಚ್ಚು. ನಡುಮನೆಯಲ್ಲಿ ಮಲಗುತ್ತಿದ್ದವರು ಅತ್ತೆ ಮತ್ತು ಅತ್ತೆಯ ಹೊಟ್ಟೆಗೆ ಅಂಟಿಕೊಂಡು ಆರು ವರ್ಷದ ಮೊಮ್ಮಗಳು ಪುಟ್ಟಿ. ಅವರ ಮಂಚ ತೊಲೆಯ ನಟ್ಟನಡುವಿಗೆ ಸರಿಯಾಗಿ ಕೆಳಗಿತ್ತು. ಪ್ರತಿ ಚಳಿಗಾಲದಲ್ಲಿ ಕೊಯ್ಲು ಮುಗಿದ ಮೇಲೆ ನಲವತ್ತು ಮೂಟೆ ಜೋಳ ಅಟ್ಟ ಏರಿ ಆ ತೊಲೆಯ ಮೇಲೆ ಕೂರುತ್ತಿತ್ತು. ಬೇಸಿಗೆಯ ಹೊತ್ತಿಗೆ ಮೂಟೆಗಳು ಕರಗಿ ಅಟ್ಟ ಹಗುರಾಗಿರುತ್ತಿತ್ತು. ಹಗುರಾದ ಅಟ್ಟದ ಕೆಳಗೇ ಹೀಗೆ ಹುಡಿ ಉದುರಿದರೆ, ಭಾರ ಬಿದ್ದಾಗ ಏನು ಗತಿ ಎಂಬ ಪ್ರಶ್ನೆ ಅವಳ ತಲೆಗೆ ಹೊಕ್ಕದ್ದು ಹದಿನೈದನೇ ದಿನ. ಅವತ್ತು ಗಂಡನಿಗೆ ಹೇಳಿದಳು.

"ರೀ, ತೊಲೆಯಿಂದ ಹುಡಿ ಉದುರ್ತಿದೆ. ಒಳಗೆ ಹುಳ ಸೇರಿರಬೇಕು."

ಅವನು ದನದ ಹಗ್ಗ ಹೊಸೆಯುತ್ತಿದ್ದವನು ಕೈಬಿಟ್ಟು ಒಳಗೆ ಬಂದ. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಎಲ್ಲಿದೆ?"

"ಬೆಳಿಗ್ಗೆ ಗುಡಿಸಿಬಿಟ್ಟೆ."

"ಗುಡಿಸಿಬಿಟ್ಟೆ! ಇಲ್ದೇ ಇರೋದನ್ನ ನಾನು ಹೆಂಗೆ ನೋಡ್ಲಿ?" ಜಗುಲಿಗೆ ಹೋಗಿ ಅಪ್ಪನಿಗೆ ಹೇಳಿ ನಕ್ಕ. "ಅಪ್ಪಾ, ನಮ್ಮ ತೊಲೆಗೆ ನೆಗಡಿ ಆಗಿದೆಯಂತೆ. ನಾಳೆ ಕಂಬಕ್ಕೆ ಮಂಡಿನೋವು ಬಂತು ಅಂತ ಬರ್ತಾಳೆ ನೋಡ್ತಿರು."

ಮಾವ ನಗಲಿಲ್ಲ. ತೊಲೆಯ ವಿಷಯ ಅವರಿಗೆ ತಮಾಷೆಯದಲ್ಲ. "ಏನಮ್ಮಾ, ಅದು ಒಂದೇ ಮರದ ತೊಲೆ. ಹದಿನಾರು ಜನ ಹೊತ್ತು ತಂದದ್ದು. ನಮ್ಮಜ್ಜ ಅದನ್ನ ಏರಿಸಿದ ದಿನ ಊರಿಗೆ ಊರೇ ಬಂದು ನೋಡ್ತಂತೆ. ಈ ಮನೆ ಗೋಡೆ ಬಿದ್ದರೂ ಅದು ಬೀಳಲ್ಲ," ಎಂದರು.

ಗೋಡೆ ಬಿದ್ದರೆ ತೊಲೆ ಯಾವುದರ ಮೇಲೆ ನಿಲ್ಲುತ್ತದೆ ಎಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ಒಂದು ದಿನ ಗುಡಿಸದೆ ಬಿಟ್ಟು ತೋರಿಸಬಹುದಿತ್ತಲ್ಲ ಅಂದರೆ, ಆ ಮನೆಯಲ್ಲಿ ಅಂಥದ್ದೊಂದು ನಡೆಯುವುದೇ ಅಸಾಧ್ಯವಾಗಿತ್ತು. ಗಂಡಸರು ಏಳುವುದರೊಳಗೆ ಕಸ ಹೊರಗೆ ಬಿದ್ದಿರಬೇಕು; ಇದು ಅತ್ತೆಯ ಕಾನೂನು, ಅತ್ತೆಗೆ ಅವರ ಅತ್ತೆ ಕೊಟ್ಟದ್ದು. ಹಾಲು ಹಾಕಲು ಬರುವ ಹೆಂಗಸು ಕೂಡ ಹೊಸಿಲಲ್ಲಿ ನಿಂತು, "ನಿಮ್ಮ ನೆಲದ ಮೇಲೆ ಹಾಲು ಚೆಲ್ಲಿದ್ರೂ ಬಾಚಿ ಕಾಯಿಸ್ಬೋದು ಕಣಕ್ಕಾ," ಎಂದು ಹೊಗಳುತ್ತಿದ್ದಳು. ಅತ್ತೆ ಅದನ್ನು ಕೇಳಿ ಹಿಗ್ಗುತ್ತಿದ್ದರು. ಸೊಸೆಗೂ ಅದು ಹಿತವಾಗುತ್ತಿತ್ತು, ಸುಳ್ಳೇಕೆ? ಹತ್ತು ವರ್ಷದಲ್ಲಿ ಆ ಮನೆಯಲ್ಲಿ ಅವಳ ಬಗ್ಗೆ ಯಾರಾದರೂ ಬಾಯಿಬಿಟ್ಟು ಆಡಿದ ಒಳ್ಳೆಯ ಮಾತು ಅದೊಂದೇ.

ಬಿಸಿಲು ಏರಿದಂತೆ ಹುಡಿಯೂ ಏರಿತು. ಚಿಟಿಕೆ ಹೋಗಿ ಚಮಚವಾಯಿತು. ಮಧ್ಯಾಹ್ನ ಊಟ ಮುಗಿದು ಎಲ್ಲರೂ ಒರಗಿದ ಹೊತ್ತಿನಲ್ಲಿ ಪಾತ್ರೆಗಳನ್ನು ಒರೆಸಿಡುತ್ತಾ ಅವಳಿಗೆ ಮೇಲಿನಿಂದ ಸದ್ದು ಕೇಳತೊಡಗಿತು. ಕರ್, ಕರ್, ಕರ್. ಮಗು ಹಾಲುಹಲ್ಲಿನಲ್ಲಿ ಬೆಲ್ಲ ಕಡಿದಂಥ ಸದ್ದು. ಅವಳು ತಟ್ಟೆ ಕೆಳಗಿಟ್ಟರೆ ನಿಲ್ಲುತ್ತಿತ್ತು. ಅವಳು ಉಸಿರು ಬಿಗಿಹಿಡಿದು ನಿಂತರೆ ಮತ್ತೆ ಶುರುವಾಗುತ್ತಿತ್ತು, ಅವಳು ಹೋಗಿದ್ದಾಳೆ ಅಂದುಕೊಂಡ ಹಾಗೆ.

ಆಮೇಲೆ ಮಳೆ ಹಿಡಿಯಿತು. ಮರ ನೀರು ಕುಡಿದು ಉಬ್ಬಿತು. ಹುಡಿ ಉದುರುವುದು ನಿಂತಿತು, ಸದ್ದೂ ನಿಂತಿತು. "ನೋಡಿದ್ಯಾ? ನಿನ್ನ ತೊಲೆಗೆ ನೆಗಡಿ ವಾಸಿ ಆಯ್ತು," ಎಂದ ಗಂಡ. ಅವಳಿಗೂ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಮಳೆಗಾಲದಲ್ಲಿ ಬಟ್ಟೆ ಒಣಗುವುದು ಮನೆಯೊಳಗೇ. ತೊಲೆಯ ನಡುವಿನ ಕೊಕ್ಕೆಯಿಂದ ಎದುರು ಗೋಡೆಯ ಮೊಳೆಗೆ ಹಗ್ಗ ಕಟ್ಟಿ ಐದು ಜನರ ಬಟ್ಟೆ ಹರವಬೇಕು. ಕೊಕ್ಕೆಗೆ ಹಗ್ಗ ಸಿಕ್ಕಿಸಲು ಅವಳು ಪ್ರತಿ ವರ್ಷವೂ ಕಾಲಿನ ತುದಿಬೆರಳ ಮೇಲೆ ನಿಂತು, ಬೆನ್ನು ಸೆಟೆಸಿ, ಮೂರು ಸಲ ತಪ್ಪಿ ನಾಲ್ಕನೇ ಸಲಕ್ಕೆ ಗುರಿ ಮುಟ್ಟುತ್ತಿದ್ದಳು. ಈ ವರ್ಷ ಕೈ ಎತ್ತಿದಳು. ಹಗ್ಗ ಹೋಗಿ ಕೊಕ್ಕೆಯಲ್ಲಿ ಕೂತಿತು. ಕೆಳಗೆ ನೋಡಿಕೊಂಡಳು. ಎರಡೂ ಹಿಮ್ಮಡಿ ನೆಲದ ಮೇಲೇ ಇದ್ದವು.

ಹಗ್ಗ ಬಿಚ್ಚಿ ಇನ್ನೊಮ್ಮೆ ಸಿಕ್ಕಿಸಿದಳು. ಹಿಮ್ಮಡಿ ನೆಲ ಬಿಡಲಿಲ್ಲ.

"ಅತ್ತೆ, ಇಲ್ಲಿ ನೋಡಿ. ತೊಲೆ ಕೆಳಗೆ ಬಂದಿದೆ."

ಅತ್ತೆ ಮಂಚದ ಮೇಲೆ ಕಾಳು ಆರಿಸುತ್ತಿದ್ದವರು ಮೊರದಿಂದ ಕಣ್ಣೆತ್ತಲಿಲ್ಲ. "ನೀನೇ ಉದ್ದ ಆಗಿರ್ಬೇಕು ಕಣೇ. ನಮ್ಮನೆ ಊಟ ಮೈಗೆ ಹತ್ತಿದೆ."

"ಮೂವತ್ತೆರಡು ವರ್ಷಕ್ಕೆ ಯಾರಾದ್ರೂ ಉದ್ದ ಆಗ್ತಾರಾ ಅತ್ತೆ?"

"ನಾಲಿಗೆ ಆಗತ್ತಲ್ಲ," ಎಂದರು ಅತ್ತೆ. ಆದರೆ ಆ ಮಾತಿನ ನಂತರ ಅವರ ಕೈ ಮೊರದ ಮೇಲೆ ಸ್ವಲ್ಪ ಹೊತ್ತು ಆಡಲಿಲ್ಲ. ಸೊಸೆ ಅದನ್ನು ಗಮನಿಸಿದಳು, ಮುದುಕಿಗೆ ಕಣ್ಣು ಮಂಜಾಗಿರಬೇಕು ಅಂದುಕೊಂಡಳು.

ಅವತ್ತಿನಿಂದ ಅವಳು ಬೆನ್ನು ಬಿಡಲಿಲ್ಲ. ಗಂಡ ಊಟಕ್ಕೆ ಕೂತರೆ ತೊಲೆ, ಕೈ ತೊಳೆಯಲು ಎದ್ದರೆ ತೊಲೆ. ಹಿತ್ತಲ ಗಿಡ ಮದ್ದಲ್ಲ, ಹೆಂಡತಿಯ ಮಾತು ಮಾತಲ್ಲ. ಇದು ಅವಳಿಗೆ ಗೊತ್ತಿತ್ತು. ಅದಕ್ಕೇ ಕೊನೆಗೆ, "ನನ್ನ ಮಾತು ಬೇಡ, ಬಡಗಿಯನ್ನ ಕರೆಸಿ. ಅವನು ಸರಿಯಾಗಿದೆ ಅಂದ್ರೆ ನಾನು ಇನ್ನು ತುಟಿ ಬಿಚ್ಚಲ್ಲ," ಎಂದಳು. ಕಾಟ ತಡೆಯಲಾರದೆ ಅವನು ಒಪ್ಪಿದ.

ಮಳೆ ಬಿಟ್ಟು ಬಿಸಿಲು ಬಂದ ವಾರ ಬಡಗಿ ಬರುವುದೆಂದಾಯಿತು. ಹಿಂದಿನ ದಿನ ಅತ್ತೆ, "ಹೊರಗಿನವರು ಒಳಗೆ ಬರ್ತಾರೆ. ಜೇಡರಬಲೆ ನೋಡಿ ಊರೆಲ್ಲ ಸಾರಿಕೊಂಡು ಬಂದಾನು. ಹೇಗೂ ಕೊಯ್ಲಿಗೆ ಮುಂಚೆ ತೊಲೆ ಒರೆಸೋದು ಇದ್ದೇ ಇದೆ, ಇವತ್ತೇ ಮುಗಿಸು," ಎಂದರು. ವರ್ಷಕ್ಕೊಮ್ಮೆ ತೊಲೆಗೆ ಎಣ್ಣೆಯಲ್ಲಿ ಮೇಣ ಕರಗಿಸಿ ಬಳಿಯುವುದು ಆ ಮನೆಯ ಹೆಂಗಸರ ಕೆಲಸ. ಸೊಸೆ ಏಣಿ ಹಾಕಿದಳು. ಈ ತುದಿಯಿಂದ ಆ ತುದಿಯವರೆಗೆ ಒರೆಸಿದಳು, ಕೆರೆದಳು, ಮೇಣ ಬಳಿದಳು, ಹಳೇ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ಬರಿಸಿದಳು. ತೋಳು ಸೋತು ಹೋಗಿದ್ದವು. ಇಳಿದು ನೆಲ ಗುಡಿಸಿ ಸಾರಿಸಿದಳು. ಕೆಲಸ ಅಂದರೆ ಅವಳಿಗೆ ಅಷ್ಟೇ. ಕೈ ಶುರುಮಾಡಿದರೆ ತಲೆಯನ್ನು ಕೇಳುತ್ತಿರಲಿಲ್ಲ.

ಬಡಗಿ ಬಂದ. ತಲೆ ಎತ್ತಿ ನೋಡಿದ, ಹುಬ್ಬೇರಿಸಿದ. "ಆಹಾ, ಏನು ತೊಲೆ! ಮದುಮಗಳ ಹಾಗೆ ಹೊಳೀತಿದೆ." ಏಣಿ ಏರಿ ಗೋಡೆಯ ಪಕ್ಕದ ಎರಡೂ ತುದಿಗಳನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿದ. ಟಣ್ ಟಣ್. ತೂತು ಹುಡುಕಿದ. ಒಂದೂ ಕಾಣಲಿಲ್ಲ. ನೆಲ ನೋಡಿದ. ಹುಡಿಯ ಸುಳಿವಿಲ್ಲ.

"ಹುಳ ಇದ್ರೆ ತೂತು ಇರ್ಬೇಕಲ್ಲಮ್ಮಾ. ಎಲ್ಲಿದೆ ತೂತು?"

ಅವನು ಕೇಳಿದ ಕ್ಷಣ ಅವಳಿಗೆ ನಿನ್ನೆಯ ಕೆಲಸ ನೆನಪಾಯಿತು. ತೂತುಗಳಿದ್ದವು. ಜೋಳದ ಕಾಳಿನಷ್ಟು ಚಿಕ್ಕವು, ನಡುಭಾಗದಲ್ಲಿ, ನೂರಾರು. ನಿನ್ನೆ ಅವಳ ಬೆರಳೇ ಅವುಗಳ ಮೇಲೆ ಓಡಾಡಿ, ಒಂದೊಂದನ್ನೂ ಮೇಣದಿಂದ ತುಂಬಿ, ಒತ್ತಿ, ನುಣುಪು ಮಾಡಿತ್ತು.

"ನಡುವೆ ತಟ್ಟಿ ನೋಡಿ," ಎಂದಳು. "ನಡುವೆ ಬಗ್ಗಿದೆ. ನನ್ನ ಕೈಗೆ ಎಟುಕ್ತಿದೆ ಈಗ."

"ಹಳೇ ತೊಲೆ ಅಂದ್ಮೇಲೆ ಒಂಚೂರು ಬಗ್ಗತ್ತೆ. ಯಜಮಾನ್ರ ಬೆನ್ನು ಬಗ್ಗಿಲ್ವಾ? ಹಂಗಂತ ಅವರನ್ನ ಬದಲಾಯಿಸ್ತೀರಾ?" ಎಂದು ಬಡಗಿ ಏಣಿ ಇಳಿದ. ಜಗುಲಿಯಲ್ಲಿ ಮಾವ, ಗಂಡ ಹೊಟ್ಟೆ ಹಿಡಿದು ನಕ್ಕರು. ಅವಳು ಮೇಣದ ಮಾತು ಹೇಳಿದಳು. ಹೇಳುವ ಹೊತ್ತಿಗೆ ಬಡಗಿ ಚಹದ ಲೋಟ ಕೈಗೆತ್ತಿಕೊಂಡಿದ್ದ, ಮಾತು ಬೇರೆಯವರ ಮನೆಯ ಬಾಗಿಲಿನ ಅಳತೆಗೆ ಹೋಗಿತ್ತು. "ಇನ್ನು ತುಟಿ ಬಿಚ್ಚಲ್ಲ ಅಂದಿದ್ದೆ," ಎಂದು ಗಂಡ ನೆನಪಿಸಿದ.

ಅವಳು ತುಟಿ ಬಿಚ್ಚಲಿಲ್ಲ. ಕೈ ನಿಲ್ಲಿಸಿದಳು.

ಚಳಿ ಶುರುವಾಗಿ ಗಾಳಿ ಒಣಗಿದಾಗ ಹುಡಿ ಮತ್ತೆ ಬಿತ್ತು; ಮೇಣದ ಬಿರಡೆಗಳನ್ನು ತಳ್ಳಿಕೊಂಡು, ಮೊದಲಿಗಿಂತ ದಪ್ಪಗೆ ಬಿತ್ತು. ಅವಳು ಇಡೀ ಮನೆ ಗುಡಿಸಿ ಆ ಮಂಚದ ಸುತ್ತಲಿನ ಎರಡು ಮೊಳ ಜಾಗ ಮಾತ್ರ ಬಿಟ್ಟಳು. ಗುಡ್ಡೆ ಆಗಲಿ. ಕೊಯ್ಲಿಗೆ ಇನ್ನು ಇಪ್ಪತ್ತು ದಿನ. ಇಪ್ಪತ್ತು ದಿನದ ಹುಡಿಯನ್ನು ಒಟ್ಟಿಗೆ ಕಂಡರೆ ಕುರುಡನೂ ನಂಬಿಯಾನು. ಮಗಳಿಗೆ, "ಪುಟ್ಟೀ, ನೀನು ಇನ್ಮೇಲೆ ನಮ್ಮ ಕೋಣೆಯಲ್ಲಿ ಮಲಗು," ಎಂದಳು. "ಅಜ್ಜಿ ಬೆಚ್ಚಗಿರ್ತಾರೆ, ನೀನು ತಣ್ಣಗಿರ್ತೀಯ," ಎಂದು ಹುಡುಗಿ ಅತ್ತಳು. ಆದರೂ ಎಳೆದು ತಂದು ಮಲಗಿಸಿಕೊಂಡಳು.

ಮೊದಲ ದಿನದ ಹುಡಿ ಮರುದಿನ ಇರಲಿಲ್ಲ. ಗಾಳಿಗೆ ಹಾರಿರಬೇಕು ಅಂದುಕೊಂಡಳು. ಎರಡನೆಯ ದಿನದ್ದೂ ಇರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಅವಳು ಎಂದಿಗಿಂತ ಮುಂಚೆ ಎದ್ದು ನಡುಮನೆಗೆ ಬಂದಳು. ಅತ್ತೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಬಗ್ಗಿದರೆ ಸೊಂಟ ಹಿಡಿಯುವ ಆ ಅತ್ತೆ, ಅಂಗೈಯಲ್ಲಿ ಹುಡಿ ಒಟ್ಟುಗೂಡಿಸಿ ಸೆರಗಿಗೆ ತುಂಬಿಕೊಳ್ಳುತ್ತಿದ್ದರು.

"ಅತ್ತೆ!"

ಮುದುಕಿ ಕದ್ದು ಸಿಕ್ಕಿಬಿದ್ದವರಂತೆ ಕೈ ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ, "ಬೈಬೇಡ ಕಣೇ. ಅಭ್ಯಾಸ," ಎಂದರು.

"ಅಭ್ಯಾಸ ಅಂದ್ರೆ? ಎಷ್ಟು ದಿನದಿಂದ?"

"ನಾನು ಈ ಮನೆಗೆ ಬಂದ ಎರಡನೇ ಬೇಸಿಗೆಯಿಂದ." ಅತ್ತೆ ಮಂಚದ ಕಾಲು ಹಿಡಿದು ಎದ್ದರು. "ಆಗ ಒಂದು ಚಿಟಿಕೆ ಬೀಳ್ತಿತ್ತು. ನಮ್ಮ ಮಾವನಿಗೆ ಹೇಳಿದೆ. ಹೆಂಗಸಿನ ಕಣ್ಣಿಗೆ ಧೂಳು ಬಿಟ್ಟು ಬೇರೇನು ಕಾಣತ್ತೆ ಅಂದ್ರು. ನಿನ್ನ ಮಾವ ಪಕ್ಕದಲ್ಲಿ ಕೂತು ನಕ್ಕರು. ಆಮೇಲೆ ನಾನು ಯಾರಿಗೂ ಹೇಳ್ಲಿಲ್ಲ. ಗುಡಿಸಿದೆ. ನಮ್ಮತ್ತೆ ನೋಡಿ ಮೇಣ ಹಚ್ಚೋದು ಕಲಿಸಿದ್ರು. ಅವರಿಗೂ ಗೊತ್ತಿತ್ತು ಅಂತ ಆಮೇಲೆ ಅರ್ಥ ಆಯ್ತು. ನೀನು ಬಂದ ಮೇಲೂ ನೀನು ಏಳೋದ್ರೊಳಗೆ ನಾನೇ ಎತ್ತಿಬಿಡ್ತಿದ್ದೆ; ಈ ಬೇಸಿಗೇಲಿ ಸೊಂಟ ಹಿಡೀತು, ನಿನ್ನ ಕಣ್ಣಿಗೆ ಬಿತ್ತು."

ಸೊಸೆ ತಲೆ ಎತ್ತಿ ತೊಲೆಯನ್ನು ನೋಡಿದಳು. ಒಂದು ಬೇಸಿಗೆಯ ಹುಡಿ ಅಂದುಕೊಂಡಿದ್ದಳು. ಇದು ಮೂರು ಜನ ಹೆಂಗಸರ ಪೊರಕೆ ದಾಟಿ ಬಂದ ಹುಡಿ. ಅಷ್ಟು ವರ್ಷ ತಿಂದ ಮೇಲೆ ಒಳಗೆ ಉಳಿದಿರುವುದಾದರೂ ಏನು?

"ನಲವತ್ತು ವರ್ಷ ಇದರ ಕೆಳಗೆ ಮಲಗಿದೀರಾ, ಗೊತ್ತಿದ್ದೂ? ಪುಟ್ಟೀನೂ ಮಲಗಿಸಿಕೊಂಡು?"

"ಬೀಳ್ಲಿಲ್ವಲ್ಲೇ," ಎಂದರು ಅತ್ತೆ. "ದಿನಾ ಗುಡಿಸಿದೆ, ಬೀಳ್ಲಿಲ್ಲ. ಗುಡಿಸ್ತಿರೋದಕ್ಕೇ ಬೀಳ್ತಿಲ್ಲ ಅನ್ನೋ ಹಾಗಾಯ್ತು ನನಗೆ. ನೀನು ಬಿಟ್ಟೆ ನೋಡು, ಭಯ ಆಯ್ತು."

"ಇದನ್ನ ಮಾವನ ಮುಂದೆ ಹೇಳ್ತೀರಾ?"

ಅತ್ತೆ ಸೆರಗಿನಲ್ಲಿದ್ದ ಹುಡಿ ನೋಡಿದರು. ಆಮೇಲೆ ಅದನ್ನು ಎತ್ತಿದ ಜಾಗದಲ್ಲೇ ಮತ್ತೆ ಚೆಲ್ಲಿದರು. ಅಷ್ಟೇ ಅವರು ಮಾಡಿದ್ದು. ಆದರೆ ಮರುದಿನದಿಂದ ಯಾರೂ ಅದನ್ನು ಮುಟ್ಟಲಿಲ್ಲ.

ಗುಡ್ಡೆ ಬೆಳೆಯಿತು. ಗಂಡ ಒಂದು ದಿನ ಅದನ್ನು ತುಳಿದು, ಪಾದ ನೋಡಿಕೊಂಡು, "ಏನಿದು ಕೊಳಕು? ಮನೆ ಗುಡಿಸೋಕೂ ಆಗಲ್ವಾ ನಿಂಗೆ?" ಎಂದು ಕೂಗಿದ.

"ಅವತ್ತು ಕೇಳಿದ್ರಲ್ಲ ಎಲ್ಲಿದೆ ಅಂತ. ಇದೇ ಅದು. ನೋಡಿ."

ಅವನು ನೋಡಿದ. ತುಸು ಹೊತ್ತು ನೋಡಿದ. ಅವನ ಮುಖದಲ್ಲಿ ಏನೋ ಬಂದು ಹೋಯಿತು. ಆದರೆ ಹೊಲದಲ್ಲಿ ಕೊಯ್ಲು ಶುರುವಾಗಿತ್ತು. ತೆನೆ ಬಡಿದು ಕಾಳು ಒಣಗಿ ರಾಶಿಯಾಗಿತ್ತು. ಮೂಟೆಗಳನ್ನು ಬೇರೆಲ್ಲಿ ಇಡುವುದು? "ಈ ಸಲ ಏರಿಸಿಬಿಡೋಣ. ಬೇಸಿಗೇಲಿ ಖಾಲಿ ಆದ್ಮೇಲೆ ನೋಡೋಣ," ಎಂದ. ಮಾವ, "ಬಡಗಿಗಿಂತ ಬುದ್ಧಿವಂತೆ ಇವಳು," ಎಂದರು.

ಮೂಟೆ ಏರಿಸುವ ದಿನ ಬಿಸಿಲು ಚೆನ್ನಾಗಿತ್ತು. ಇಬ್ಬರು ಆಳುಗಳು, ಗಂಡ ಮೂರನೆಯವನು. ಬೆನ್ನ ಮೇಲೆ ಮೂಟೆ ಹೊತ್ತು ಏಣಿ ಏರುವುದು, ದಬ್ ಎಂದು ಅಟ್ಟದ ಮೇಲೆ ಕೆಡವುವುದು, ಇಳಿಯುವುದು. ಮಾವ ಹೊಸಿಲಲ್ಲಿ ನಿಂತು ಎಣಿಸುತ್ತಿದ್ದರು. ಸೊಸೆ ಅಡುಗೆಮನೆಯಲ್ಲಿ ಏಳು ಜನರ ಅಡುಗೆಗೆ ಒಲೆ ಹೊತ್ತಿಸಿ, ಅನ್ನ ಮಾಡಿ ಇಳಿಸಿ, ಕಿವಿಯನ್ನು ಮಾತ್ರ ನಡುಮನೆಯಲ್ಲಿಟ್ಟಿದ್ದಳು. ಅತ್ತೆ ಮಂಚದ ಮೇಲೆ ಕೂತೇ ಇದ್ದರು. "ಅತ್ತೆ, ಹೊರಗೆ ಬನ್ನಿ," ಎಂದು ಎರಡು ಸಲ ಕರೆದಳು. ಅವರು ಅಲ್ಲಾಡಲಿಲ್ಲ.

ಇಪ್ಪತ್ತಾರನೇ ಮೂಟೆ ಬಿದ್ದಾಗ ಆ ಸದ್ದು ಬಂತು. ಮೂಟೆ ಬಿದ್ದ ಸದ್ದಲ್ಲ. ಅದರ ಹಿಂದಿನಿಂದ ಬಂದದ್ದು, ಸಣ್ಣದು, ಒಣಗಿದ ಕಡ್ಡಿಯನ್ನು ಬಟ್ಟೆಯೊಳಗೆ ಸುತ್ತಿ ಮುರಿದಂತೆ. ಆಳುಗಳು ನಗುತ್ತಾ ಮಾತಾಡುತ್ತಿದ್ದರು, ಅವರಿಗೆ ಕೇಳಲಿಲ್ಲ. ಸೊಸೆ ಒಲೆಯ ಮುಂದಿನಿಂದ ಎದ್ದಳು. ಮಂಚದ ಮೇಲೆ ಅತ್ತೆಯೂ ತಲೆ ಎತ್ತಿದ್ದರು. ಇಬ್ಬರ ಕಣ್ಣೂ ಕೂಡಿದವು.

ಸೊಸೆ ಏನನ್ನೂ ಹೇಳುವ ಮೊದಲೇ ಅತ್ತೆ ಇಳಿದರು. ಹಾಸಿಗೆ ಸುತ್ತಿದರು, ದಿಂಬು ಕಂಕುಳಿಗೆ ಸಿಕ್ಕಿಸಿಕೊಂಡರು, ಹೊಸಿಲಲ್ಲಿ ನಿಂತಿದ್ದ ಮಾವನನ್ನು ಪಕ್ಕಕ್ಕೆ ಸರಿಸಿ ಹೊರಗೆ ನಡೆದರು. ಅಂಗಳದ ನಡುವೆ, ಆಳುಗಳು, ಹಾಲಿನ ಹೆಂಗಸು, ದಾರಿಹೋಕರು ಎಲ್ಲರೂ ನೋಡುವಂತೆ, ಹಾಸಿಗೆ ಹಾಸಿ ಅದರ ಮೇಲೆ ಕೂತರು. ಸೊಸೆ ಒಲೆಯ ಸೌದೆ ಹಿಂದಕ್ಕೆಳೆದು ಅವರ ಹಿಂದೆಯೇ ಬಂದು, ಹಾಸಿಗೆಯ ತುದಿಯಲ್ಲಿ ಕೂತಳು. ಪುಟ್ಟಿ ಓಡಿ ಬಂದು ಮಡಿಲು ಸೇರಿದಳು.

"ಏನೇ ಇದು ಮುದುಕಿ? ಬುದ್ಧಿ ಕೆಟ್ಟಿದ್ಯಾ?" ಮಾವ ನಾಚಿಕೆಯಿಂದ ಕೆಂಪಾಗಿದ್ದರು. "ಊರು ನೋಡ್ತಿದೆ."

"ನೋಡ್ಲಿ," ಎಂದರು ಅತ್ತೆ. "ನಲವತ್ತು ವರ್ಷದ ಹಿಂದೆ ನೀವು ನಕ್ಕಿರಲ್ಲ, ಅದೇ ತೊಲೆ ಈಗ ಮುರೀತಿದೆ. ಒಂದ್ಸಲ ತಲೆ ಎತ್ತಿ ನೋಡಿ."

ಮಾವ ತಿರುಗಿ ತಲೆ ಎತ್ತಿದರು. ಆ ಹೊತ್ತಿಗೆ ಬಾಗಿಲಿನಿಂದ ಬಿಸಿಲು ನಡುಮನೆಯ ಒಳಗೆ ಬಿದ್ದಿತ್ತು. ಬಿಸಿಲಿನ ಕೋಲಿನಲ್ಲಿ, ತೊಲೆಯ ಉದ್ದಕ್ಕೂ, ಜರಡಿ ಹಿಡಿದ ಹಾಗೆ ಹುಡಿ ಇಳಿಯುತ್ತಿತ್ತು. ತೊಲೆಯ ನಡುವೆ ಕೂದಲೆಳೆಯಂಥ ಕಪ್ಪು ಗೀಟು ಇತ್ತು. ಅವರು ನೋಡುತ್ತಿದ್ದಂತೆಯೇ ಅದು ದಾರದಷ್ಟಾಯಿತು.

"ಇಳಿಸ್ರೋ," ಎಂದರು ಮಾವ. ಮತ್ತೆ ಅಂದರು, "ಮೂಟೆ ಇಳಿಸ್ರೋ ಎಲ್ಲಾ."

ಆಳುಗಳು ಆಗಲೇ ಅಂಗಳಕ್ಕೆ ಬಂದಿದ್ದರು. "ಯಾರು ಹತ್ತೋದು ಯಜಮಾನ್ರೇ? ನಮಗೂ ಹೆಂಡ್ತಿ ಮಕ್ಕಳಿದ್ದಾರೆ," ಎಂದ ಒಬ್ಬ. ಇನ್ನೊಬ್ಬ ಹೆಗಲ ಮೇಲಿನ ಮೂಟೆಯನ್ನು ಸದ್ದಾಗದಂತೆ ಮಣ್ಣಿನ ಮೇಲಿಟ್ಟ. ಬಡಗಿಗೆ ಹೇಳಿ ಕಳಿಸಿದರು. ಅವನು ಬೇರೆ ಊರಿನಲ್ಲಿದ್ದಾನೆ, ಆನಿಕೆ ಕಂಬಗಳನ್ನು ತಗೊಂಡು ನಾಳೆ ಬೆಳಿಗ್ಗೆ ಬರುತ್ತಾನೆ, ಅಲ್ಲಿಯವರೆಗೆ ಒಂದು ಬೆಕ್ಕೂ ಒಳಗೆ ಹೋಗಬಾರದು ಎಂದು ಉತ್ತರ ಬಂತು.

ಎಲ್ಲರೂ ಅಂಗಳದಲ್ಲಿ ಕೂತರು. ಬಿಸಿಲು ಇಳಿಯಿತು. ಮನೆ ಬಾಯಿ ತೆರೆದುಕೊಂಡು ಎದುರಿಗೆ ನಿಂತಿತ್ತು. ಒಳಗಿನಿಂದ ಆಗಾಗ ಆ ಸಣ್ಣ ಸದ್ದು ಬರುತ್ತಿತ್ತು. ಬಂದಾಗಲೆಲ್ಲ ಮಾತು ನಿಲ್ಲುತ್ತಿತ್ತು. ಸಂಜೆಯಾಗುತ್ತಾ ಗಂಡಸರಿಗೆ ಹಸಿವು ನೆನಪಾಯಿತು. ಮಾವ ಕೆಮ್ಮಿದರು. ಗಂಡ ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿದ.

"ಅನ್ನ ಆಗಿರ್ಬೇಕಲ್ಲ? ಬೆಳಿಗ್ಗೆಯಿಂದ ಯಾರೂ ಉಂಡಿಲ್ಲ. ನಿಂಗೆ ದಿನಾ ಓಡಾಡಿ ಅಭ್ಯಾಸ. ಗೋಡೆ ಪಕ್ಕದಲ್ಲೇ ಹೋಗಿ, ಪಾತ್ರೆ ಎತ್ತಿಕೊಂಡು ಚಕ್ಕನೆ ಬಂದುಬಿಡು."

ಸೊಸೆ ಅವನ ಮುಖ ನೋಡಿದಳು. ಅವನು ಕೆಟ್ಟವನಲ್ಲ, ಅವಳಿಗೆ ಅದು ಗೊತ್ತಿತ್ತು. ಆ ಮಾತನ್ನು ಅವನು ನೀರು ಕೊಡು ಅನ್ನುವಷ್ಟೇ ಸಹಜವಾಗಿ ಆಡಿದ್ದ. ಅದಕ್ಕೇ ಅವಳಿಗೆ ತೊಲೆಗಿಂತ ಹೆಚ್ಚು ಹೆದರಿಕೆಯಾಯಿತು.

"ಅನ್ನ ಆಗಿದೆ," ಎಂದಳು. "ಒಲೆಯ ಬಲಗಡೆ ಇದೆ. ಸೌಟು ಮೊಳೆಗೆ ಹಾಕಿದೆ. ಹೋಗಿ ತಗೊಂಡು ಬನ್ನಿ."

"ನಾನಾ?"

"ನನಗೆ ಹಸಿವಿಲ್ಲ," ಎಂದರು ಅತ್ತೆ, ಯಾರೂ ಕೇಳದಿದ್ದರೂ. ಮೊಮ್ಮಗಳಿಗೆ ಆಳುಗಳ ಬೆಳಗಿನ ಬುತ್ತಿಯಲ್ಲಿ ಉಳಿದದ್ದನ್ನು ಇಸಿದುಕೊಂಡು ತಿನ್ನಿಸುತ್ತಿದ್ದರು.

ಅವನು ಅಪ್ಪನ ಕಡೆ ನೋಡಿದ. ಅಪ್ಪ ನೆಲ ನೋಡುತ್ತಿದ್ದರು. ಅವನು ಮೀಸೆ ಒರೆಸಿಕೊಂಡು, ಇದೇನು ಮಹಾ ಅನ್ನುವವನಂತೆ ಎದ್ದು ಜಗುಲಿ ಏರಿದ. ಹೊಸಿಲವರೆಗೆ ಹೋದ. ಒಂದು ಕಾಲು ಎತ್ತಿ ಹೊಸಿಲ ಮೇಲಿಟ್ಟ. ಒಳಗೆ ಕತ್ತಲೆ, ಕತ್ತಲೆಯ ಆಚೆ ಅನ್ನದ ವಾಸನೆ. ಇಪ್ಪತ್ತು ಹೆಜ್ಜೆ ಇರಬಹುದು. ಅವನ ಹೆಂಡತಿ ದಿನಕ್ಕೆ ಎಪ್ಪತ್ತೆರಡು ಸಲ ನಡೆಯುತ್ತಿದ್ದ ಹೆಜ್ಜೆಗಳು.

ಮೇಲೆ ಮರ ಒಮ್ಮೆ ನರಳಿತು. ಅವನು ಕಾಲನ್ನು ಹಿಂದಕ್ಕೂ ತೆಗೆಯಲಿಲ್ಲ, ಮುಂದಕ್ಕೂ ಇಡಲಿಲ್ಲ.

ಸೊಸೆ ಎದ್ದು ಸಹಾಯಕ್ಕೆ ಹೋಗಲಿಲ್ಲ. ಮೊಣಕಾಲಿಗೆ ಕೈ ಸುತ್ತಿಕೊಂಡು, ಅವನ ಬೆನ್ನನ್ನೇ ನೋಡುತ್ತಾ ಕೂತಳು.